ಹೊಸ ಮಾದರಿಯ ಬ್ರೇಕು ಹಳೆಯ ಕಾರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರೇಕಿನವೇ. ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲೋ ಹೊಸ ಮಾದರಿಯ ಡಿಸ್ಕು (ಚಕ್ರದ ಜೊತೆ ತಿರುಗುವ ತಟ್ಟೆ), ಕ್ಯಾಲಿಪರ್ (ಆ ತಟ್ಟೆಯನ್ನು ಪ್ಯಾಡುಗಳಿಂದ ಒತ್ತಿ ಹಿಡಿಯುವ ಭಾಗ) ಕಣ್ಣಿಗೆ ಬಿದ್ದ ಮೇಲೆ ಆಸೆಯಾಗುವುದು ಸಹಜ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನನ್ನದು 2008ರ ಮಾರುತಿ ಆಲ್ಟೊ, 12 ಇಂಚಿನ ರಿಮ್, ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮಿನಿಂದ ಪೆಡಲಿನ ಬಲ ಹೆಚ್ಚಿಸುವ ಡಬ್ಬಿ) ಇದೆ. ಆಲ್ಟೊ ಕೆ10ನ ಮುಂದಿನ ಡಿಸ್ಕ್ ಮತ್ತು ಕ್ಯಾಲಿಪರ್ ಜೋಡಿ ಗುಜರಿಯಲ್ಲಿ ಸಿಗುತ್ತಿದೆ. ‘ಏನೂ ಮಾಡೋದು ಬೇಡ, ಹಾಗೇ ಕೂರುತ್ತೆ’ ಅನ್ನುತ್ತಾರೆ ಅಂಗಡಿಯವರು. ಹಾಕಿಸಬಹುದೇ?
– ಓದುಗರು, ರಾಜಾಜಿನಗರ

ಉತ್ತರ: ದುಡ್ಡು ಕೊಡುವ ಮುಂಚೆ ಈಗಿರುವ ಬ್ರೇಕಿಗೆ ಏನಾಗಿದೆ ನೋಡಿ. ಬೆಳಗಿನ ಜಾವ, ಹಿಂದೆ ಮುಂದೆ ಯಾರೂ ಇಲ್ಲದ ಒಣ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ಪೆಡಲನ್ನು ಜೋರಾಗಿ ಒತ್ತಿ. ಮುಂದಿನ ಚಕ್ರ ಉರುಳುವುದು ನಿಂತು ಟೈರು ಕಿರುಚಿಕೊಂಡು ಜಾರಿದರೆ ಬ್ರೇಕಿಗೆ ಬಲ ಸಾಲದು ಎನ್ನುವಂತಿಲ್ಲ. ಅಲ್ಲಿಂದಾಚೆ ಕಾರನ್ನು ನಿಲ್ಲಿಸುವುದು ಟೈರಿನ ಹಿಡಿತ. ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಕಾರು ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ದೊಡ್ಡ ಡಿಸ್ಕಿನ ಲಾಭ ಕಾಣುವುದು ಬಿಸಿಯ ವಿಷಯದಲ್ಲಿ: ಕಾರು ತುಂಬಾ ಜನ ಕೂತು ಘಾಟಿ ಇಳಿಯುವಾಗ, ಮೇಲಿಂದ ಮೇಲೆ ಬ್ರೇಕ್ ಹಿಡಿಯಬೇಕಾದಾಗ.

ಚಕ್ರ ಲಾಕ್ ಆಗದಿದ್ದರೆ ಇಷ್ಟು ಹಳೆಯ ಕಾರಿನಲ್ಲಿ ಕಾರಣ ಸಾಮಾನ್ಯವಾಗಿ ಸಣ್ಣದೇ. ಕ್ಯಾಲಿಪರಿನ ಸ್ಲೈಡ್ ಪಿನ್ ಕಚ್ಚಿಕೊಂಡು ಒಂದು ಪ್ಯಾಡ್ ಸವೆದು ಇನ್ನೊಂದು ಹೊಸದರಂತೆ ಉಳಿದಿರುತ್ತದೆ. ಹಿಂದಿನ ಡ್ರಮ್ ಬ್ರೇಕಿನ ಶೂ ಸವೆದು ಅಡ್ಜಸ್ಟರ್ ಜಾಮ್ ಆಗಿ ಪೆಡಲ್ ಅರ್ಧದವರೆಗೆ ಸುಮ್ಮನೆ ಇಳಿಯುತ್ತದೆ. ರಬ್ಬರ್ ಹೋಸ್ ಹಳತಾಗಿ ಒತ್ತಿದಾಗಲೆಲ್ಲ ಉಬ್ಬುತ್ತದೆ. ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿರುತ್ತದೆ. ಬೂಸ್ಟರ್ ಪರೀಕ್ಷೆಗೆ ಖರ್ಚೇ ಇಲ್ಲ: ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ, ಕೊನೆಗೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ತೊಂದರೆ ಅಲ್ಲೇ ಇದೆ, ಕೆ10ನ ಡಿಸ್ಕಿನಿಂದ ಅದು ಹೋಗುವುದಿಲ್ಲ.

ಇಷ್ಟೆಲ್ಲ ಸರಿಮಾಡಿಸಿದ ಮೇಲೂ ಬೇಕೆನಿಸಿದರೆ ವರ್ನಿಯರ್ ಮತ್ತು ಟೇಪು ಹಿಡಿದು ಗುಜರಿಗೆ ಹೋಗಿ. ಹೆಸರಿನಲ್ಲಿ ಆಲ್ಟೊ ಇದೆ ಎಂದ ಮಾತ್ರಕ್ಕೆ ಅಳತೆ ಒಂದೇ ಇರಬೇಕಿಲ್ಲ. ಒಂದೇ ಮಾದರಿಯಲ್ಲೂ ವರ್ಷ, ವೇರಿಯಂಟ್ ಬದಲಾದಂತೆ ಬಿಡಿಭಾಗ ಬದಲಾಗುತ್ತದೆ.

ಮೊದಲ ಅಳತೆ, ನಕಲ್ (ಚಕ್ರದ ಹಬ್ಬನ್ನು ಹಿಡಿದಿರುವ ಲೋಹದ ಭಾಗ) ಮೇಲೆ ಕ್ಯಾಲಿಪರ್ ಬ್ರಾಕೆಟ್ ಕೂರುವ ಎರಡು ಬೋಲ್ಟ್‌ಗಳ ನಡುವಿನ ಅಂತರ. ಅದು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ, ಇಲ್ಲವೇ ನಕಲ್ ಸಮೇತ ಬದಲಾಯಿಸುವ ಯೋಚನೆ ಮಾಡಿ. ಆಗ ಸ್ಟ್ರಟ್ ಬೋಲ್ಟ್, ಬಾಲ್ ಜಾಯಿಂಟ್ ಮತ್ತು ಆಕ್ಸಲ್ಲಿನ ಹಲ್ಲುಗಳ ಲೆಕ್ಕವೂ ತಾಳೆಯಾಗಬೇಕು. ತೂತನ್ನು ಅರದಿಂದ ಉಜ್ಜಿ ಉದ್ದ ಮಾಡುವುದು, ಬ್ರಾಕೆಟ್ಟಿಗೆ ವೆಲ್ಡಿಂಗ್ ಹೊಡೆಯುವುದು, ಲೇತ್ ಅಂಗಡಿಯಲ್ಲಿ ಮಾಮೂಲಿ ಕಬ್ಬಿಣದ ಪಟ್ಟಿ ಕತ್ತರಿಸಿ ಅಡಾಪ್ಟರ್ ಮಾಡಿಸುವುದು, ಈ ಮೂರೂ ಬೇಡವೇ ಬೇಡ. ಬ್ರೇಕಿನ ಇಡೀ ಹೊಡೆತ ಬೀಳುವುದು ಆ ಎರಡು ಬೋಲ್ಟ್‌ಗಳ ಮೇಲೆ.

ಎರಡನೆಯದು ಡಿಸ್ಕಿನ ಟೋಪಿಯ ಎತ್ತರ. ಅಂದರೆ ಹಬ್ಬಿಗೆ (ಚಕ್ರ ಬಿಗಿಯುವ ನಡುಭಾಗಕ್ಕೆ) ಕೂರುವ ಮುಖದಿಂದ ಪ್ಯಾಡ್ ಉಜ್ಜುವ ಮುಖದವರೆಗಿನ ಅಳತೆ. ಇದು ತಪ್ಪಿದರೆ ಡಿಸ್ಕ್ ಬ್ರಾಕೆಟ್ಟಿನ ನಡುವೆ ಓಡದೆ ಒಂದು ಕಡೆ ಉಜ್ಜುತ್ತದೆ. ವಾಷರ್ ಕೊಟ್ಟು ಸರಿದೂಗಿಸಲು ಹೋಗಬೇಡಿ. ಮೂರನೆಯದು ನಡುವಿನ ತೂತು: ಅದು ಹಬ್ಬಿಗಿಂತ ದೊಡ್ಡದಿದ್ದರೆ ಡಿಸ್ಕ್ ನಡುಮಧ್ಯದಲ್ಲಿ ನಿಲ್ಲದು. ಆಮೇಲೆ ಪಿಸಿಡಿ, ಅಂದರೆ ಚಕ್ರದ ಬೋಲ್ಟ್ ತೂತುಗಳು ಕೂತಿರುವ ವೃತ್ತದ ವ್ಯಾಸ. ನಾಲ್ಕು ಬೋಲ್ಟಿನ ಚಕ್ರದಲ್ಲಿ ಎದುರುಬದುರು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಸಾಕು. 100 ಮಿ.ಮೀ. ಮತ್ತು 114.3 ಮಿ.ಮೀ. ನಡುವಿನ ವ್ಯತ್ಯಾಸ ಬರೀ ಟೇಪಿನಲ್ಲೇ ಗೊತ್ತಾಗುತ್ತದೆ. ಕೊನೆಗೆ ಡಿಸ್ಕಿನ ದಪ್ಪ. ಕನಿಷ್ಠ ದಪ್ಪವನ್ನು ಟೋಪಿಯ ಮೇಲೋ ಅಂಚಿನಲ್ಲೋ ಅಚ್ಚೊತ್ತಿರುತ್ತಾರೆ. ಗುಜರಿಯ ಡಿಸ್ಕ್ ಆ ಅಳತೆಯ ಆಸುಪಾಸಿನಲ್ಲಿದ್ದರೆ ಅಲ್ಲೇ ಬಿಟ್ಟು ಬನ್ನಿ. ನಮ್ಮನ್ನು ಕೇಳಿದರೆ ಡಿಸ್ಕು, ಪ್ಯಾಡು, ಹೋಸು ಮೂರೂ ಹೊಸವೇ ಇರಲಿ. ಕ್ಯಾಲಿಪರ್ ಮತ್ತು ಬ್ರಾಕೆಟ್ ಮಾತ್ರ ಹಳೆಯದಾದರೆ ನಡೆಯುತ್ತದೆ, ಅದೂ ಪಿಸ್ಟನ್ ಹೊರತೆಗೆದು ನೋಡಿದ ಮೇಲೆ. ಸೀಲ್ ಕೂರುವ ಜಾಗದಲ್ಲಿ ಪಿಸ್ಟನ್ ಮೇಲೆ ಉಗುರಿಗೆ ಸಿಗುವಷ್ಟು ತುಕ್ಕಿನ ಗುಳಿ ಇದ್ದರೆ ಹೊಸ ಸೀಲ್ ಕಿಟ್ ಹಾಕಿದರೂ ಸೋರುತ್ತದೆ.

ರಿಮ್ ವಿಷಯ. ನಿಮ್ಮ ಆಲ್ಟೊದ ಟೈರು 145/80 ಆರ್12, 2010ರ ಕೆ10ನದು 155/65 ಆರ್13. ಹೊರಗಿನ ವ್ಯಾಸ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 537 ಮಿ.ಮೀ., ಎರಡನೆಯದು 532. ಶೇಕಡ ಒಂದರಷ್ಟು ವ್ಯತ್ಯಾಸ, ಸ್ಪೀಡೋಮೀಟರಿಗೆ ಲೆಕ್ಕಕ್ಕಿಲ್ಲ. ಆದರೆ 13 ಇಂಚಿನ ರಿಮ್ಮಿಗೆಂದು ಮಾಡಿದ ಕ್ಯಾಲಿಪರ್ 12 ಇಂಚಿನ ರಿಮ್ಮಿನೊಳಗೆ ಹಿಡಿಯುತ್ತದೆ ಎಂದು ನಂಬಬೇಡಿ. ಮಕ್ಕಳು ಆಡುವ ಕ್ಲೇ ಒಂದು ಉಂಡೆ ತಂದು ಕ್ಯಾಲಿಪರಿನ ಅತಿ ಉಬ್ಬಿದ ಜಾಗಕ್ಕೆ ಮೆತ್ತಿ, ಚಕ್ರ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಕ್ಲೇ ಎಷ್ಟು ದಪ್ಪ ಉಳಿಯಿತೋ ಅಷ್ಟೇ ಜಾಗ. ಕನಿಷ್ಠ 3 ಮಿ.ಮೀ. ಬೇಕು. ಅಲಾಯ್ ರಿಮ್ಮಿನ ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕದ ದಪ್ಪವನ್ನೂ ಇದರೊಳಗೇ ಲೆಕ್ಕ ಹಿಡಿಯಿರಿ. ತೂಕ ತಾಗಿ ಕಿತ್ತುಹೋಗುವುದು ಹೆದ್ದಾರಿಯಲ್ಲೇ.

ಇನ್ನು ಹೈಡ್ರಾಲಿಕ್ ಲೆಕ್ಕ, ಹೆಚ್ಚಿನವರು ಎಡವುವುದು ಇಲ್ಲೇ. ಉದಾಹರಣೆಗೆ ಹಳೆಯ ಕ್ಯಾಲಿಪರ್ ಪಿಸ್ಟನ್ 48 ಮಿ.ಮೀ., ಹೊಸದು 51 ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಶೇ. 13ರಷ್ಟು ಹೆಚ್ಚಿತು. ಡಿಸ್ಕ್ 230ರಿಂದ 250 ಮಿ.ಮೀ. ಆಯಿತು, ಪ್ಯಾಡಿನ ಎತ್ತರ 40 ಎಂದರೆ ಹಿಡಿಯುವ ಜಾಗದ ತ್ರಿಜ್ಯ 95ರಿಂದ 105ಕ್ಕೆ ಹೋಗಿ ಇನ್ನೊಂದು ಶೇ. 10ರಷ್ಟು ಸಿಕ್ಕಿತು. ಎರಡೂ ಸೇರಿ ಅಷ್ಟೇ ಒತ್ತಡಕ್ಕೆ ಮುಂದಿನ ಬ್ರೇಕು ಶೇ. 25ರಷ್ಟು ಬಲವಾಯಿತು. ದೊಡ್ಡ ಪಿಸ್ಟನ್ ಹೆಚ್ಚು ಆಯಿಲ್ ಕೇಳುವುದರಿಂದ ಪೆಡಲ್ ತುಸು ಕೆಳಗೆ ಹೋಗುತ್ತದೆ. ‘ಪೆಡಲ್ ಇಳೀತಿದೆ, ಮಾಸ್ಟರ್ ದೊಡ್ಡದು ಹಾಕೋಣ’ ಎಂದು ಮೆಕ್ಯಾನಿಕ್ 13/16 ಇಂಚಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಪೈಪಿಗೆ ಆಯಿಲ್ ತಳ್ಳುವ ಭಾಗ) ತೆಗೆದು 7/8 ಹಾಕಿದರೆ ಪೆಡಲ್ ಗಟ್ಟಿಯಾಗುತ್ತದೆ ನಿಜ, ಆದರೆ ಕಾಲಿನ ಅದೇ ಬಲಕ್ಕೆ ಒತ್ತಡ ಶೇ. 14ರಷ್ಟು ಕಡಿಮೆಯಾಗುತ್ತದೆ. ಗಳಿಸಿದ 25ರಲ್ಲಿ ಕೊನೆಗೆ ಕೈಯಲ್ಲಿ ಉಳಿಯುವುದು 8. ಪೆಡಲ್ ತೀರಾ ಆಳಕ್ಕೆ ಹೋಗದಿದ್ದರೆ ಮಾಸ್ಟರ್ ಮುಟ್ಟಬೇಡಿ.

ಮುಂದಿನದು ಮಾತ್ರ ಬಲವಾದರೆ ಹಿಂದಿನ ಬ್ರೇಕಿನ ಪಾಲು ಕಡಿಮೆಯಾಗುತ್ತದೆ. ಮುಂದಿನ ಚಕ್ರ ಬೇಗ ಲಾಕ್ ಆಗಿ ಕಾರು ನೇರಕ್ಕೆ ಜಾರುತ್ತದೆ, ಸ್ಟೇರಿಂಗ್ ಕೇಳುವುದಿಲ್ಲ. ಹಾಗೆಂದು ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡವನ್ನು ಮಿತಿಯಲ್ಲಿಡುವ ವಾಲ್ವ್) ತೆಗೆದುಹಾಕಿ ಹಿಂದಿನದನ್ನು ಜೋರು ಮಾಡಿಸಿದರೆ ಇನ್ನೂ ಅಪಾಯ: ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರ್ರನೆ ತಿರುಗುತ್ತದೆ.

ಜೋಡಿಸುವಾಗ ಗಮನವಿಡಬೇಕಾದ್ದು. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕಿನ ಚೂರೂ ಉಳಿಯದಂತೆ ಮಾಡಿ. ಹೊಸ ಡಿಸ್ಕಿಗೆ ಬಳಿದಿರುವ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸೇ ಆಗಬೇಕು, ಬೇರಿಂಗಿಗೆ ಹಾಕುವ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ಕ್ಯಾಲಿಪರ್ ತೊಳೆಯಲು ಬಿಡಲೇಬೇಡಿ. ಅಂದು ಚೆನ್ನಾಗಿಯೇ ಇರುತ್ತದೆ, ಕೆಲವೇ ದಿನಗಳಲ್ಲಿ ಸೀಲ್ ಉಬ್ಬಿ ಬ್ರೇಕು ಹಿಡಿದುಕೊಳ್ಳುತ್ತದೆ. ಹೋಸ್ ಕೂರುವ ಬ್ಯಾಂಜೊ ಬೋಲ್ಟಿಗೆ ತಾಮ್ರದ ವಾಷರ್ ಎರಡು, ಎರಡೂ ಹೊಸವು. ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಚಕ್ರ ನೇತುಬಿದ್ದಾಗಲೂ ಹೋಸ್ ಎಳೆಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ಕಣ್ಣಾರೆ ನೋಡಿ.

ಬ್ಲೀಡಿಂಗಿಗೆ, ಅಂದರೆ ಪೈಪಿನೊಳಗಿನ ಗಾಳಿ ಹೊರಹಾಕಲು, ಸೀಲ್ ಒಡೆಯದ ಡಾಟ್ 4 ಬ್ರೇಕ್ ಆಯಿಲ್ ಬಾಟಲಿ ತನ್ನಿ (ಕಾರಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿದ್ದರೂ ಡಾಟ್ 4 ನಡೆಯುತ್ತದೆ). ಹಳೆಯದನ್ನು ಪೂರ್ತಿ ಹೊರಹಾಕಲು ಒಂದು ಲೀಟರ್ ಇಟ್ಟುಕೊಳ್ಳಿ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಕಾರುಗಳಲ್ಲಿ ಮಾಸ್ಟರಿನಿಂದ ಅತಿ ದೂರ ಎಡ ಹಿಂಚಕ್ರ. ಸಾಮಾನ್ಯವಾಗಿ ಅಲ್ಲಿಂದ ಶುರು, ಮುಂದಿನ ಕ್ರಮ ನಿಮ್ಮ ಮಾದರಿಯ ಮ್ಯಾನುಯಲ್ಲಿನಂತೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ (ಗಾಳಿ ಬಿಡುವ ತಿರುಪು) ಸಡಿಲಿಸಿ ಬಿಗಿಯಬೇಕು, ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಹಳೆಯ ಮಾಸ್ಟರ್ ಇದ್ದರೆ ಪೆಡಲನ್ನು ನೆಲ ಮುಟ್ಟಿಸಬೇಡಿ, ಕೆಳಗೆ ಮರದ ತುಂಡು ಇಡಿ. ದಿನವೂ ಓಡಾಡದ ಆ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಸೀಲ್ ಅದರ ಮೇಲೆ ಹಾದರೆ ಹರಿಯುತ್ತದೆ. ಕೆಲಸ ಮುಗಿದ ಮೇಲೆ, ಗಾಡಿ ಗೇರಿಗೆ ಹಾಕುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಇದನ್ನು ಮರೆತವರ ಕಾರು ಗ್ಯಾರೇಜಿನ ಗೋಡೆಗೇ ಹೋಗಿ ನಿಲ್ಲುತ್ತದೆ.

ಹೊಸ ಪ್ಯಾಡನ್ನು ಪಳಗಿಸಲು 60ರಿಂದ 10ರವರೆಗೆ ಹದವಾಗಿ ಹತ್ತು ಸಲ ಬ್ರೇಕ್ ಒತ್ತಿ, ನಡುನಡುವೆ ತಣಿಯಲು ಅರ್ಧ ನಿಮಿಷ ಓಡಿಸಿ. ಪೂರ್ತಿ ನಿಲ್ಲಿಸಿ ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿಯಬೇಡಿ. ಹಗಲು ಹೊತ್ತು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಲ್ಲುವ ಬೆಂಗಳೂರಿನಲ್ಲಿ ಇದು ಆಗದ ಮಾತು. ಭಾನುವಾರ ಬೆಳಗ್ಗೆ ಆರರೊಳಗೆ ಮುಗಿಸಿಬಿಡಿ.

ಪ್ರಶ್ನೆ: ಹೊಸ ಮಾದರಿಯ ಡಿಸ್ಕ್, ಕ್ಯಾಲಿಪರ್ ಎರಡೂ ಹಾಕಿಸಿದೆ. ಈಗ ಪೆಡಲ್ ಸ್ಪಂಜಿನ ಹಾಗಿದೆ. ಮೂರು ಸಲ ಬ್ಲೀಡ್ ಮಾಡಿದರೂ ಅಷ್ಟೇ. 80ರಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ.
– ಓದುಗರು, ಬನಶಂಕರಿ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಸ್ಪಂಜಿನ ಪೆಡಲಿಗೆ ಮೊದಲು ಚಕ್ರ ಬಿಚ್ಚಿ ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಬಂದಿದೆ. ಅನೇಕ ಕಾರುಗಳಲ್ಲಿ ಅದಲುಬದಲಾದರೂ ಬೋಲ್ಟ್ ಸಲೀಸಾಗಿ ಕೂರುತ್ತದೆ, ಹಾಗಾಗಿ ಕೆಲಸ ಮಾಡಿದವರಿಗೆ ಅನುಮಾನವೇ ಬರುವುದಿಲ್ಲ. ಗಾಳಿ ಮೇಲೆ ಸಿಕ್ಕಿಕೊಂಡಿರುತ್ತದೆ, ಕೆಳಗಿನ ನಿಪ್ಪಲ್ಲಿನಿಂದ ಬರೀ ಆಯಿಲ್ ಬರುತ್ತದೆ, ಗುಳ್ಳೆಯೇ ಕಾಣದೆ ‘ಗಾಳಿ ಹೋಯ್ತು’ ಅನ್ನಿಸುತ್ತದೆ. ಮೂವತ್ತು ಸಲ ಬ್ಲೀಡ್ ಮಾಡಿದರೂ ಫಲವಿಲ್ಲ. ನಿಪ್ಪಲ್ ಸರಿಯಾದ ಕಡೆಯೇ ಇದ್ದರೆ ಹಿಂದಿನ ಶೂ ಹೊಂದಾಣಿಕೆ, ಆಮೇಲೆ ಹಳೆಯ ಹೋಸ್ ನೋಡಿಸಿ.

ನಡುಕಕ್ಕೆ ಡಿಸ್ಕ್ ಬೆಂಡ್ ಎಂದು ಲೇತಿಗೆ ಕೊಡುವುದು ರೂಢಿ. ಅವಸರ ಬೇಡ. ಹಬ್ಬಿನ ಮುಖದಲ್ಲಿ ತುಕ್ಕಿನ ಸಣ್ಣ ಚಕ್ಕೆ ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಹಬ್ಬಿನಲ್ಲಿರುವ ಓರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಎರಡರಷ್ಟಾಗಬಹುದು. ಡಯಲ್ ಗೇಜ್ ಇರುವ ಗ್ಯಾರೇಜಿನಲ್ಲಿ ಚಕ್ರದ ನಟ್ಟುಗಳಿಂದಲೇ ಡಿಸ್ಕನ್ನು ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ. ಓಲಾಟ 0.1 ಮಿ.ಮೀ. ದಾಟಿದರೆ ಡಿಸ್ಕನ್ನು ಹಬ್ಬಿನ ಮೇಲೆ ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಪಂಕ್ಚರ್ ಅಂಗಡಿಯ ಗನ್ ಒಂದು ನಟ್ಟನ್ನು ಪ್ರಾಣ ಹೋಗುವಷ್ಟು ಬಿಗಿದು ಇನ್ನೊಂದನ್ನು ಸಡಿಲ ಬಿಟ್ಟಿದ್ದರೂ ಇದೇ ನಡುಕ ಬರುತ್ತದೆ. ಟಾರ್ಕ್ ರೆಂಚ್‌ನಲ್ಲಿ, ಎದುರುಬದುರಾಗಿ ಬಿಗಿಸಿ.

ಪ್ರಶ್ನೆ: ನನ್ನ 2016ರ ಬಲೆನೊಗೆ ಹಿಂದೆ ಡ್ರಮ್. ಬಲೆನೊ ಆರ್‌ಎಸ್‌ಗೆ ಹಿಂದೆಯೂ ಡಿಸ್ಕ್ ಇತ್ತಲ್ಲ, ಅದನ್ನೇ ಹಾಕಿಸಬಹುದೇ?
– ಓದುಗರು, ಯಲಹಂಕ

ಉತ್ತರ: 2017ರಲ್ಲಿ 1.0 ಲೀಟರ್ ಬೂಸ್ಟರ್‌ಜೆಟ್ ಎಂಜಿನ್ನಿನೊಂದಿಗೆ ಬಂದ ಆರ್‌ಎಸ್‌ಗೆ ನಾಲ್ಕೂ ಡಿಸ್ಕ್ ಇದ್ದದ್ದು ನಿಜ. ಆದರೆ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಚಕ್ರದ ಚಾಲನೆಯ ಸಣ್ಣ ಕಾರಿನಲ್ಲಿ ಕೆಲಸದ ದೊಡ್ಡ ಪಾಲು ಮುಂದಿನ ಡಿಸ್ಕಿನದೇ, ಹಿಂದಿನ ಡ್ರಮ್ಮಿಗೆ ಏದುಸಿರು ಬರುವ ಪ್ರಮೇಯ ಅಪರೂಪ. ಬದಲಾಯಿಸಬೇಕಾದದ್ದು ಡಿಸ್ಕು, ಕ್ಯಾಲಿಪರ್ ಎರಡೇ ಅಲ್ಲ: ಹಬ್, ಬ್ಯಾಕ್ ಪ್ಲೇಟ್, ಹೋಸ್, ಎರಡೂ ಕಡೆಯ ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲವೂ ಆ ಮಾದರಿಯದೇ ಬೇಕು. ಚಕ್ರದ ವೇಗ ಅಳೆಯುವ ಸೆನ್ಸರಿಗೆ ಸಿಗುವ ಹಲ್ಲಿನ ಸಂಖ್ಯೆ ಹೊಂದದಿದ್ದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುವುದೇ ಇಲ್ಲ. ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುವ ಇಬಿಡಿ ಡ್ರಮ್ಮಿನ ಲೆಕ್ಕಕ್ಕೆ ಹೊಂದಿಸಿದ್ದು. ಬಿಎಸ್-6 ಹೊಗೆ ನಿಯಮ ಬಂದಾಗ ಆರ್‌ಎಸ್ ನಿಂತುಹೋದ ಕಾರಣ ಮುಂದೆ ಬಿಡಿಭಾಗ ಹುಡುಕುವುದೂ ಕಷ್ಟ. ಅದೇ ದುಡ್ಡಿಗೆ ನಾಲ್ಕು ಒಳ್ಳೆಯ ಟೈರು ಮತ್ತು ಕಂಪನಿಯ ಪ್ಯಾಡು ಹಾಕಿಸಿ, ಮಳೆಗಾಲದಲ್ಲಿ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ. ನಾಲ್ಕೂ ಡ್ರಮ್, ಬೂಸ್ಟರ್ ಇಲ್ಲ. ಮುಂದೆ ಡಿಸ್ಕ್ ಮಾಡಿಸಬೇಕು. ಮಾಸ್ಟರ್ ಸಿಲಿಂಡರ್ ಈಗಿರುವುದೇ ಸಾಕೆ?
– ಓದುಗರು, ಬಸವನಗುಡಿ

ಉತ್ತರ: ಸಾಲದು. ಡ್ರಮ್ಮಿನಲ್ಲಿ ಮುಂದಿನ ಶೂವನ್ನು ತಿರುಗುವ ಡ್ರಮ್ಮೇ ಎಳೆದು ಒತ್ತಿಕೊಳ್ಳುತ್ತದೆ, ಕಾಲಿನ ಬಲಕ್ಕೆ ಅದು ತನ್ನದೂ ಸೇರಿಸುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಹಾಗಾಗಿ ಪೈಪಿನಲ್ಲಿ ಹೆಚ್ಚು ಒತ್ತಡ ಬೇಕು. ಬೂಸ್ಟರ್ ಇಲ್ಲದೆ ಡಿಸ್ಕ್ ಹಾಕಿಸಿದವರು ‘ಮೊದಲೇ ಚೆನ್ನಾಗಿತ್ತು’ ಎಂದು ಹೇಳುವುದು ಅದಕ್ಕೇ. ಇನ್ನೊಂದು ಸೂಕ್ಷ್ಮ: ಡ್ರಮ್ಮಿಗೆಂದು ಮಾಡಿದ ಅನೇಕ ಮಾಸ್ಟರ್ ಸಿಲಿಂಡರುಗಳ ಒಳಗೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂ ಎಳೆಯಲು ಸ್ಪ್ರಿಂಗ್ ಇದೆ, ಡಿಸ್ಕಿನ ಪ್ಯಾಡಿಗೆ ಅಷ್ಟು ಬಲದ ಸ್ಪ್ರಿಂಗ್ ಇಲ್ಲ. ಆ ವಾಲ್ವ್ ಉಳಿದರೆ ಪ್ಯಾಡು ಸದಾ ಉಜ್ಜುತ್ತಲೇ ಇದ್ದು ಎಂಟು ಹತ್ತು ಕಿಲೋಮೀಟರಿನಲ್ಲಿ ಚಕ್ರ ಮುಟ್ಟಲಾಗದಷ್ಟು ಕಾಯುತ್ತದೆ.

ಆದ್ದರಿಂದ ಎರಡು ಸರ್ಕ್ಯೂಟಿನ, ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಕಾರಿನ ಮಾಸ್ಟರ್ ಮತ್ತು ಬೂಸ್ಟರನ್ನು ಜೋಡಿಯಾಗಿಯೇ ತನ್ನಿ. ಬೂಸ್ಟರಿನ ಕಡ್ಡಿ ಮಾಸ್ಟರಿಗೆ ತಾಗುವಲ್ಲಿ ಕೂದಲೆಳೆಯಷ್ಟು ಸಡಿಲ ಇರಬೇಕು. ಕಡ್ಡಿ ಉದ್ದವಾಗಿ ಪಿಸ್ಟನ್ ಪೂರ್ತಿ ಹಿಂದೆ ಬರದಿದ್ದರೆ ಆಯಿಲ್ ಡಬ್ಬಿಗೆ ಮರಳುವ ತೂತು ಮುಚ್ಚಿಯೇ ಇರುತ್ತದೆ, ಬ್ರೇಕು ಕಾಯುತ್ತಾ ಕಾಯುತ್ತಾ ತಾನೇ ಹಿಡಿದುಕೊಳ್ಳುತ್ತದೆ. ವ್ಯಾಕ್ಯೂಮನ್ನು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ನಾನ್-ರಿಟರ್ನ್ ವಾಲ್ವ್ ಸಮೇತ ತೆಗೆಯಬೇಕು. ಎಂಜಿನ್ ರಿಂಗ್ ಸವೆದಿದ್ದರೆ ಸಾಕಷ್ಟು ವ್ಯಾಕ್ಯೂಮೇ ಸಿಗದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ, ಬೂಸ್ಟರಿನ ನೆರವೂ ಅಷ್ಟೇ ಕಡಿಮೆ. ಅಂಚಿಗೆ ಲೆಕ್ಕ ಹಾಕಿ ಸಣ್ಣ ಬೂಸ್ಟರ್ ತರಬೇಡಿ.

ಫಿಯಟ್ ಸಂತತಿಯ ಕಾರುಗಳ ಪಿಸಿಡಿ ಸಾಮಾನ್ಯವಾಗಿ 98. ಬೇರೆ ಕಾರಿನ 100ರ ಹಬ್ಬೋ ರಿಮ್ಮೋ ತಂದು ‘ಎರಡು ಮಿಲಿಮೀಟರ್ ತಾನೆ’ ಎಂದು ಬಿಗಿಯುವವರಿದ್ದಾರೆ. ನಟ್ಟಿನ ಕೋನ್ ಪೂರ್ತಿ ಕೂರುವುದಿಲ್ಲ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ.

ಪ್ರಶ್ನೆ: ನಂದಿ ಬೆಟ್ಟ ಇಳಿಯುವಾಗ ಪೆಡಲ್ ಇದ್ದಕ್ಕಿದ್ದಂತೆ ಕೆಳಗೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ದೊಡ್ಡ ಡಿಸ್ಕ್ ಹಾಕಿಸಬೇಕೇ?
– ಓದುಗರು, ಹೆಬ್ಬಾಳ

ಉತ್ತರ: ಬ್ರೇಕ್ ಆಯಿಲ್ ಕುದಿದಿದೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಕುಡಿದ ಮೇಲೆ 155ರವರೆಗೂ ಇಳಿಯಬಹುದು. ಡಾಟ್ 3 ಆದರೆ 205 ಮತ್ತು 140. ಆಯಿಲ್ ಆವಿಯಾದರೆ ಪೆಡಲ್ ಇಳಿಯುತ್ತದೆ. ಪ್ಯಾಡ್ ಮಾತ್ರ ಕಾದಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ನಿಲ್ಲುವುದಿಲ್ಲ. ಈ ವ್ಯತ್ಯಾಸ ನೆನಪಿಡಿ. ಆಯಿಲ್ ಪೂರ್ತಿ ಬದಲಾಯಿಸಿ, ಎರಡು ವರ್ಷಕ್ಕೊಮ್ಮೆ ಮಾಡಿಸಿ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಬನ್ನಿ.

ಪ್ರಶ್ನೆ: ಇದಕ್ಕೆಲ್ಲ ಆರ್‌ಟಿಒ ತಕರಾರು ಇದೆಯೇ? ಇನ್ಶೂರೆನ್ಸ್?
– ಓದುಗರು, ಜಯನಗರ

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ ಸೆಕ್ಷನ್ನಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಇದೆ. ಆರ್‌ಸಿಯಲ್ಲಿ ಡಿಸ್ಕಿನ ಅಳತೆ ಬರೆದಿರುವುದಿಲ್ಲ ಎಂಬುದನ್ನೇ ನೆಚ್ಚಿಕೊಳ್ಳಬೇಡಿ. ಅಪಘಾತವಾದ ಮೇಲೆ ಸರ್ವೇಯರ್ ನೋಡುವುದು ಕಾರನ್ನು. ಕೆಲಸಕ್ಕೆ ಮುಂಚೆ ಇನ್ಶೂರೆನ್ಸ್ ಕಂಪನಿಗೆ ಬರೆದು, ಬರಹದಲ್ಲೇ ಉತ್ತರ ಪಡೆಯಿರಿ. ಬಿಲ್ಲು ಮತ್ತು ಬಿಚ್ಚಿದ ಮೂಲ ಭಾಗಗಳನ್ನು ಎಸೆಯಬೇಡಿ.

ಪ್ರಶ್ನೆ: ತೂತು ಕೊರೆದ ಡಿಸ್ಕ್ ಚೆನ್ನಾಗಿ ಕಾಣುತ್ತದೆ. ಇರುವ ಡಿಸ್ಕಿಗೇ ಲೇತ್‌ನಲ್ಲಿ ಕೊರೆಸಿದರೆ?
– ಓದುಗರು, ವಿಜಯನಗರ

ಉತ್ತರ: ಬೇಡ. ಬಿಸಿ ಹೀರುವ ಲೋಹವೇ ಕಡಿಮೆಯಾಗುತ್ತದೆ, ತೂತಿನಿಂದ ತೂತಿಗೆ ಬಿರುಕು ಹರಿಯುತ್ತದೆ.